ಓದುಗರ ಪ್ರಶ್ನೆ: ನಮ್ಮ ಬಯಾಲಜಿ ಸರ್ ನೆನಪಿಗೆ ಏನು ಮಾಡೋಣ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಬ್ಬರ ಬಗ್ಗೆಯೇ ಇವೆ. ಕರಾವಳಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೂ ಸುಮ್ಮನೆ ಕೂರದೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡ, ಕಡಲಾಮೆ, ಹಳ್ಳಿ ಶಾಲೆ ಅಂತ ಕಾರವಾರದಿಂದ ಹೊನ್ನಾವರದವರೆಗೆ ಬಸ್ಸಿನಲ್ಲೇ ಓಡಾಡಿಕೊಂಡಿದ್ದ ನಮ್ಮ ಸರ್ ಹೋದ ತಿಂಗಳು ತೀರಿಕೊಂಡರು. ಹೆಸರು ಹಾಕುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಸರ್. ಪತ್ರ ಬರೆದವರ ಹೆಸರನ್ನೂ ಬಿಟ್ಟಿದ್ದೇನೆ. ನಾನೂ ಅವರ ಕ್ಲಾಸಿನಲ್ಲಿ ಕೂತವಳು, ಅವರ ಮೇಲೆ ನನಗೆ ತುಂಬಾ ಪ್ರೀತಿ, ಅದನ್ನು ಮುಚ್ಚಿಟ್ಟು ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ. ಬೇರೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸರ್‌ಗೆ ನುಡಿನಮನ ಇಟ್ಟುಕೊಂಡಿದ್ದೇವೆ. ಒಂದು ಸಣ್ಣ ಪುಸ್ತಕವನ್ನೂ ತರುವ ಯೋಚನೆ ಇದೆ. ಆದರೆ ಲೇಖನ ಕೇಳಿದರೆ ಎಲ್ಲರೂ 'ಸರಳ ಸಜ್ಜನಿಕೆಯ ಮೂರ್ತಿ', 'ತುಂಬಲಾರದ ನಷ್ಟ' ಅಂತಲೇ ಬರೆದು ಕಳಿಸುತ್ತಿದ್ದಾರೆ. ಏನು ಮಾಡುವುದು? (ಕುಮಟಾದಿಂದ)

ಉತ್ತರ: ವಾಪಸ್ ಕಳಿಸಿ. ಪ್ರೀತಿಯಿಂದಲೇ ಕಳಿಸಿ, ಆದರೆ ಕಳಿಸಿ. ಅವರು ಬರೆದಿದ್ದು ಸುಳ್ಳಲ್ಲ, ಸರ್ ಸರಳವಾಗಿದ್ದರು ನಿಜ. ಆದರೆ ಆ ಮಾತನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು ಅಲ್ವಾ, ಸರ್ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ಲೇಖನ ಹಾಗೇ ನಡೆಯುತ್ತದೆ. ಅಂಥವನ್ನೇ ಒಟ್ಟು ಮಾಡಿ ಪುಸ್ತಕ ತಂದರೆ, ಸರ್ ಅವರನ್ನು ನೋಡದವರಿಗೆ ಅವರು ಯಾರು ಅಂತ ಗೊತ್ತೇ ಆಗುವುದಿಲ್ಲ. ಬರೆಯುವವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕಣ್ಣೆದುರಿಗೆ ಸರ್ ಏನು ಮಾಡಿದರು? ಎಲ್ಲಿ, ಯಾವ ಹೊತ್ತಿನಲ್ಲಿ, ಕೈಯಲ್ಲಿ ಏನು ಹಿಡಿದುಕೊಂಡಿದ್ದರು, ಯಾರಿಗೆ ಏನು ಹೇಳಿದರು? ಅಷ್ಟು ಬರೆದರೆ ಸಾಕು, ಹೊಗಳುವುದೇ ಬೇಡ.

ನನ್ನದನ್ನು ಹೇಳುತ್ತೇನೆ. ಬಿಎಸ್ಸಿ ಮೊದಲ ವರ್ಷದಲ್ಲಿ ಸರ್ ನಮ್ಮನ್ನು ಅಘನಾಶಿನಿ ಹೊಳೆ ಸಮುದ್ರ ಸೇರುವ ಕೋಡಿಗೆ ಕರೆದುಕೊಂಡು ಹೋಗಿದ್ದರು. ಇಳಿತದ ಹೊತ್ತು. ಚಪ್ಪಲಿ ಬಸ್ಸಿನಲ್ಲೇ ಬಿಟ್ಟು, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಯಾರನ್ನೂ ಕರೆಯದೆ ಕೆಸರಿಗೆ ಇಳಿದರು. ನಾವು ದಂಡೆಯ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಚೂಡಿದಾರಕ್ಕೆ ಕೆಸರಾಗುತ್ತದೆ ಅಂತ. ಸರ್ ಅವಿಸೀನಿಯಾ ಎಂಬ ಒಂದು ಕಾಂಡ್ಲ ಮರದ ಎಲೆ ಕಿತ್ತು ತಂದು ನನ್ನ ಕೈಯಲ್ಲಿ ಇಟ್ಟರು. 'ತಂಗಿ, ನಾಲಿಗೆ ತಾಗಿಸಿ ನೋಡು.' ತಾಗಿಸಿದೆ. ಉಪ್ಪು! ಎಲೆಯ ಮೇಲೆ ಕಣ್ಣಿಗೆ ಕಾಣುವಷ್ಟು ಸಣ್ಣ ಹರಳುಗಳು. ಆಮೇಲೆ ಹೇಳಿದರು, ಈ ಮರ ಉಪ್ಪುನೀರನ್ನು ಎಳೆಯುವಾಗ ಬೇರಿನಲ್ಲೇ ಬಹಳಷ್ಟು ಉಪ್ಪನ್ನು ತಡೆಯುತ್ತದೆ, ಆದರೂ ಒಳಗೆ ಬಂದಿದ್ದನ್ನು ಎಲೆಯಲ್ಲಿರುವ ಗ್ರಂಥಿಗಳು ಹೊರಗೆ ಹಾಕುತ್ತವೆ, ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ಪಕ್ಕದಲ್ಲೇ ಕೆಸರಿನಿಂದ ಚೂಪಾಗಿ ಮೇಲೆದ್ದು ನಿಂತಿದ್ದ ಉಸಿರಾಟದ ಬೇರುಗಳನ್ನು ತೋರಿಸಿದರು. ಕೆಸರಿನ ಒಳಗೆ ಗಾಳಿ ಇಲ್ಲ, ಅದಕ್ಕೆ ಬೇರೇ ಹೊರಗೆ ಬಂದು ಗಾಳಿ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ನಾವೆಲ್ಲ ಕೆಸರಿನಲ್ಲಿದ್ದೆವು. ಯಾವಾಗ ಇಳಿದೆವು ಅಂತ ಯಾರಿಗೂ ನೆನಪಿಲ್ಲ.

ಇನ್ನೊಂದು, ಕಪ್ಪೆ ಕೊಯ್ಯುವ ಪ್ರಾಕ್ಟಿಕಲ್. ಆಗ ಒಬ್ಬೊಬ್ಬರಿಗೆ ಒಂದು ಕಪ್ಪೆ ಕೊಡುವುದು ಎಲ್ಲ ಕಡೆ ರೂಢಿ. ಸರ್ ಇಡೀ ಬ್ಯಾಚಿಗೆ ಒಂದೇ ಕಪ್ಪೆ ತರಿಸುತ್ತಿದ್ದರು. ನಾವೆಲ್ಲ ಮೇಜಿನ ಸುತ್ತ ನಿಲ್ಲಬೇಕು, ಅವರು ಕೊಯ್ದು ಪಿನ್ ಚುಚ್ಚಿ ಒಂದೊಂದೇ ಅಂಗ ತೋರಿಸಬೇಕು, ನಾವು ನೋಡಿ ಬರೆಯಬೇಕು. ಗದ್ದೆಯಲ್ಲಿ ಕಪ್ಪೆ ಕಡಿಮೆಯಾದರೆ ಹುಳ ಜಾಸ್ತಿಯಾಗುತ್ತದೆ ಎಂದು ಅವರು ಹೇಳಿದ್ದು ಆಗಲೇ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪದವಿ ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳಿದ್ದು 2014ರಲ್ಲಿ. ನಮ್ಮ ಲ್ಯಾಬಿನಲ್ಲಿ ಅದರ ಅರ್ಧ ಕೆಲಸ ಬಹಳ ಮೊದಲೇ ಆಗಿತ್ತು.

ಅವರ ಸಿಟ್ಟನ್ನೂ ಬರೆಸಿ, ದಯವಿಟ್ಟು ಬಿಡಬೇಡಿ. ಸ್ಲೈಡ್ ನೋಡದೆ ಗೈಡಿನಿಂದ ಚಿತ್ರ ಇಳಿಸಿದರೆ ರೆಕಾರ್ಡ್ ಬುಕ್ಕಿನ ಆ ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು, ಚಿತ್ರ ಎಷ್ಟು ಚೆಂದ ಇದ್ದರೂ. ಸೊಟ್ಟಗೆ ಬರೆದರೂ ನೋಡಿ ಬರೆದಿದ್ದರೆ ಸಹಿ ಹಾಕುತ್ತಿದ್ದರು. ನೋಡದೆ ಬರೆಯುವುದನ್ನು ಅವರು ಸುಳ್ಳು ಹೇಳುವುದಕ್ಕೆ ಸಮ ಅಂತಲೇ ತಿಳಿದಿದ್ದರು, ಆ ವಿಷಯದಲ್ಲಿ ಅತ್ತರೂ ಕರಗುತ್ತಿರಲಿಲ್ಲ. ಇದನ್ನು ಬಿಟ್ಟು ಬರೀ ಒಳ್ಳೆಯವರು ಅಂದರೆ ಅವರ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಮತ್ತೆ, ಲೇಖನ ಕೇಳುವುದು ಡಾಕ್ಟರು, ಪ್ರೊಫೆಸರು, ವಿದೇಶದಲ್ಲಿರುವ ವಿದ್ಯಾರ್ಥಿಗಳ ಹತ್ತಿರ ಮಾತ್ರ ಬೇಡ. ಲ್ಯಾಬ್ ಅಟೆಂಡರ್ ಇನ್ನೂ ಇದ್ದಾರಲ್ಲ, ಅವರ ಹತ್ತಿರ ಹೋಗಿ. ದೋಣಿಯವರು, ಕಾಲೇಜಿನ ಎದುರಿನ ಚಾದಂಗಡಿಯವರು, ಮೀನುಪೇಟೆಯ ಹೆಂಗಸರು, ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ಮಾಣಿಕಟ್ಟಾದ ರೈತರು. ಅವರು ಬರೆದು ಕೊಡುವುದಿಲ್ಲ, ನೀವು ಹೋಗಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಹಾಲಕ್ಕಿ ಮಾತಾಡಿದರೆ ಹಾಲಕ್ಕಿಯಲ್ಲೇ, ಕೊಂಕಣಿಯಾದರೆ ಕೊಂಕಣಿಯಲ್ಲೇ ಇಳಿಸಿ, ಕೆಳಗೆ ಬೇಕಾದರೆ ಕನ್ನಡ ಕೊಡಿ. ಪುಸ್ತಕದ ಭಾಷೆಗೆ ತಿದ್ದಿದರೆ ಮಾತಾಡಿದವರೇ ಅಲ್ಲಿ ಇರುವುದಿಲ್ಲ. ಇಸವಿ, ಊರು, ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದರು ಎಂಬುದನ್ನು ಮಾತ್ರ ನೆನಪಿನ ಮೇಲೆ ಬಿಡದೆ ಮನೆಯವರ ಹತ್ತಿರ ಇರುವ ಕಾಗದ ನೋಡಿಯೇ ಹಾಕಿ.

ಪ್ರಶ್ನೆ: ಅಪ್ಪನ ಕಾರವಾರದ ಮನೆ ಖಾಲಿ ಮಾಡಬೇಕಾಗಿದೆ. ಅಟ್ಟದ ಮೇಲೆ ಒಣಗಿಸಿದ ಗಿಡಗಳ ಹಾಳೆಯ ಕಟ್ಟುಗಳಿವೆ. ಗಾಜಿನ ಬಾಟಲಿಗಳಲ್ಲಿ ಏಡಿ, ಮೀನು, ನಕ್ಷತ್ರಮೀನು ಇವೆ. ಒಂದು ಕಪಾಟು ತುಂಬ ನೋಟ್‌ಬುಕ್. ರದ್ದಿಗೆ ಹಾಕಲು ಮನಸ್ಸಿಲ್ಲ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಜಾಗವಿಲ್ಲ. (ಸರ್ ಅವರ ಮಗಳು)

ಉತ್ತರ: ರದ್ದಿಯವರನ್ನು ಕರೆಯದೆ ನಮಗೆ ಬರೆದಿರಲ್ಲ, ಅದಕ್ಕೆ ಮೊದಲು ಕೈ ಮುಗಿಯುತ್ತೇನೆ.

ಗಿಡದ ಹಾಳೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹುಳ ಬೀಳದಿರಲಿ ಎಂದು ಹಿಂದೆ ಹರ್ಬೇರಿಯಂ ಹಾಳೆಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುತ್ತಿದ್ದರು. ಅದು ಪಾದರಸದ ವಿಷ, ವರ್ಷಗಳಾದರೂ ಹೋಗುವುದಿಲ್ಲ. ನಿಮ್ಮ ಅಪ್ಪ ಹಚ್ಚಿದ್ದರೋ ಇಲ್ಲವೋ, ಹಚ್ಚಿದ್ದಾರೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಕೈಗವಸು, ಮೂಗಿಗೆ ಮಾಸ್ಕ್, ಅಡುಗೆಮನೆಯಿಂದ ದೂರ, ಮಕ್ಕಳು ಹತ್ತಿರ ಬೇಡ. ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಗಿಡದ ಹೆಸರು, ಊರಿನ ಹೆಸರು, ತಾರೀಖು, ಕಿತ್ತವರ ಹೆಸರು ಅದರಲ್ಲಿರುತ್ತದೆ. ಆ ಚೀಟಿ ಬಿದ್ದುಹೋದರೆ ಅದು ಬರೀ ಒಣಗಿದ ಸೊಪ್ಪು. ಹಾಗಾಗಿ ಕಟ್ಟು ಬಿಚ್ಚಿ ಹೊಸದಾಗಿ ಜೋಡಿಸಲು ಹೋಗಬೇಡಿ, ಇದ್ದ ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನಾಲ್ಕು ನುಸಿಗುಳಿಗೆ ಇಟ್ಟು, ಮಳೆಗಾಲ ಶುರುವಾಗುವುದರೊಳಗೆ ಅಟ್ಟದಿಂದ ಇಳಿಸಿ. ಕಾರವಾರದ ಮಳೆಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು ಬೇಕು!

ಬಾಟಲಿಗಳಲ್ಲಿ ಇರುವುದು ಫಾರ್ಮಲಿನ್, ಪ್ರಾಣಿ ಕೊಳೆಯದಂತೆ ಹಾಕುವ ದ್ರವ, ಇರಬೇಕು. ಮುಚ್ಚಳ ತೆಗೆಯಬೇಡಿ, ಕಣ್ಣು ಮೂಗು ಉರಿಯುತ್ತದೆ, ಶ್ವಾಸಕ್ಕೆ ಒಳ್ಳೆಯದಲ್ಲ. ಬಾವಿಯ ಹತ್ತಿರವಾಗಲಿ ಚರಂಡಿಗಾಗಲಿ ಚೆಲ್ಲಲೇಬೇಡಿ. ಬಾಟಲಿ ಸಮೇತ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಗಿಡಗಳಿಗಾದರೆ ಶಿರಸಿಯ ಅರಣ್ಯ ಕಾಲೇಜನ್ನು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲೂ ಹರ್ಬೇರಿಯಂ ಇದೆ, ಅದು ನಿಮಗೆ ಹತ್ತಿರ. ಒಮ್ಮೆಲೇ ಗಾಡಿ ತುಂಬಿಕೊಂಡು ಹೋಗಬೇಡಿ. ಯಾವ ಗಿಡ, ಯಾವ ಊರು, ಯಾವ ವರ್ಷ ಎಂದು ಒಂದು ಪಟ್ಟಿ ಮಾಡಿ, ಕೆಲವು ಹಾಳೆಗಳ ಫೋಟೊ ಹಿಡಿದು ಪತ್ರ ಬರೆಯಿರಿ. ಅವರಿಗೂ ಜಾಗದ ಕಷ್ಟ ಇರುತ್ತದೆ, ಚೀಟಿ ಸರಿಯಾಗಿರುವ ಹಾಳೆಗಳನ್ನು ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಈಗ ನೋಟ್‌ಬುಕ್. ನನಗೆ ಕೇಳಿದರೆ ಆ ಮನೆಯಲ್ಲಿ ಇರುವುದರಲ್ಲೆಲ್ಲ ದೊಡ್ಡ ಆಸ್ತಿ ಅದು. ಸರ್ ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಚಿಕ್ಕ ನೋಟ್‌ಬುಕ್ ಇರುತ್ತಿತ್ತು, ದಾರ ಕಟ್ಟಿದ ಪೆನ್ಸಿಲ್ ಸಮೇತ, ಯಾಕೆಂದರೆ ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ. ತಾರೀಖು, ಜಾಗ, ಭರತವೋ ಇಳಿತವೋ, ಏನು ಕಂಡಿತು, ಯಾರು ಹೇಳಿದರು. ಯಾರು ಹೇಳಿದರು ಎಂಬುದನ್ನು ಮರೆಯದೆ ಬರೆಯುತ್ತಿದ್ದರು. ದೋಣಿಯವನು ಹೇಳಿದ್ದಾದರೆ ದೋಣಿಯವನ ಹೆಸರು.

ಇದು ಯಾಕೆ ಮುಖ್ಯ ಎನ್ನುವುದಕ್ಕೆ ಸರ್ ಕ್ಲಾಸಿನಲ್ಲಿ ಹೇಳುತ್ತಿದ್ದ ಒಂದು ವಿಷಯ ಇದೆ. ಕಾರವಾರ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದ ಕಾಲದಲ್ಲಿ ಇಲ್ಲಿ ಅಧಿಕಾರಿಗಳಾಗಿದ್ದ ಐಟ್ಕನ್, ಡೇವಿಡ್‌ಸನ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಸೇರಿ ಈ ಜಿಲ್ಲೆಯ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಬರೀ ಚಿಟ್ಟೆ ಹಿಡಿದು ಪಿನ್ ಚುಚ್ಚಿದ್ದಲ್ಲ, ಹುಳುಗಳನ್ನು ಮನೆಯಲ್ಲಿ ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂದು ನೋಡಿ ಬರೆದರು. ಬೆಲ್ ನಿವೃತ್ತರಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಇಲ್ಲೇ ತೀರಿಕೊಂಡರು. ಇವತ್ತು ಯಾರಾದರೂ ಕಾಳಿ ಕಣಿವೆಯಲ್ಲಿ ಯಾವ ಚಿಟ್ಟೆ ಇದೆ, ಯಾವುದು ಕಾಣೆಯಾಗಿದೆ ಎಂದು ಹುಡುಕಲು ಹೊರಟರೆ ಹೋಲಿಸಲು ಒಂದು ಹಳೆಯ ಪಟ್ಟಿ ಇದೆ, ಯಾಕೆಂದರೆ ಅವರು ಬರೆದಿಟ್ಟರು. ಸರ್ ನೋಟ್‌ಬುಕ್ ಕೂಡ ಅದೇ ಜಾತಿಯದು, ಕನ್ನಡದಲ್ಲಿದೆ ಅಷ್ಟೇ.

ಹಾಗಾಗಿ ಹೊರಗಿನ ರಟ್ಟಿನಿಂದ ಹಿಡಿದು ಒಂದು ಪುಟವನ್ನೂ ಬಿಡದೆ ವರ್ಷದ ಪ್ರಕಾರ ಫೋಟೊ ಹಿಡಿಯಿರಿ. ಖಾಲಿ ಪುಟ ಇದ್ದರೂ ಹಿಡಿಯಿರಿ. ಕಾರ್ಡು, ಬಸ್ ಟಿಕೆಟ್ಟು, ಒಣಗಿದ ಎಲೆ ಒಳಗಿದ್ದರೆ ಅಲ್ಲೇ ಇರಲಿ. ಫೋಟೊಗಳನ್ನು ಎರಡು ಬೇರೆ ಬೇರೆ ಕಡೆ ಇಡಿ. ಮೂಲ ಪ್ರತಿಯನ್ನು ಒಂದೇ ಸಂಸ್ಥೆಗೆ ಒಟ್ಟಿಗೆ ಕೊಡಿ. ನೆನಪಿಗೆ ಅಂತ ನಾಲ್ಕು ಜನ ನಾಲ್ಕು ಪುಸ್ತಕ ಹಂಚಿಕೊಂಡರೆ ಮುಗಿಯಿತು, ಆಮೇಲೆ ಯಾವುದೂ ಸಿಗುವುದಿಲ್ಲ. ಕೊಟ್ಟಿದ್ದಕ್ಕೆ ಬರವಣಿಗೆಯಲ್ಲಿ ರಸೀದಿ ತೆಗೆದುಕೊಳ್ಳಿ, ಯಾರು ಬಂದು ನೋಡಬಹುದು ಎಂಬುದನ್ನೂ ಅದರಲ್ಲೇ ಬರೆಸಿ. ಅಕ್ಷರ ಓದಲು ಕಷ್ಟವಾದರೆ ನಮ್ಮ ಬ್ಯಾಚಿನವರನ್ನು ಕರೆಯಿರಿ. ಬೋರ್ಡಿನ ಮೇಲೆ ಆ ಅಕ್ಷರ ನೋಡಿ ನೋಡಿ ಬೆಳೆದವರು ನಾವು, ಖಂಡಿತ ಬರುತ್ತೇವೆ.

ಪ್ರಶ್ನೆ: ಅವರು ಕಣ್ಣು ಮತ್ತು ದೇಹ ಎರಡನ್ನೂ ದಾನ ಮಾಡಿದರು. ಮೆಡಿಕಲ್ ಕಾಲೇಜಿನವರು ಬಂದು ತೆಗೆದುಕೊಂಡು ಹೋದರು. ಊರಿನಲ್ಲಿ ಕೆಲವರು ದಹನ ಇಲ್ಲದೆ ಮುಕ್ತಿ ಹೇಗೆ ಅಂತ ಮಾತಾಡುತ್ತಿದ್ದಾರೆ. ನಮ್ಮ ದೊಡ್ಡಮ್ಮನಿಗೆ ಅದೇ ಬೇಜಾರು. ಮತ್ತೆ ನಾವೂ ದಾನ ಮಾಡಬೇಕಾದರೆ ಏನು ಮಾಡಬೇಕು? (ಶಿರಸಿಯಿಂದ, ಅವರ ತಮ್ಮನ ಮಗ)

ಉತ್ತರ: ದೊಡ್ಡಮ್ಮನ ಬೇಜಾರನ್ನು ಮೂಢನಂಬಿಕೆ ಅಂತ ತಳ್ಳಬೇಡ ತಮಾ. ಅಷ್ಟು ವರ್ಷ ಜೊತೆಗಿದ್ದ ಮನುಷ್ಯನಿಗೆ ಕೊನೆಯ ಕೆಲಸ ಮಾಡಲಾಗಲಿಲ್ಲ ಎಂಬ ಸಂಕಟ ಅದು, ಯಾರಿಗಾದರೂ ಆಗುತ್ತದೆ. ದೇಹ ಸಿಗದೇ ಹೋದಾಗ ದರ್ಭೆಯ ಪ್ರತಿಕೃತಿ ಮಾಡಿ ಕ್ರಿಯೆ ನಡೆಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮನೆಯ ಪುರೋಹಿತರ ಹತ್ತಿರ ಕೂತು ಮಾತಾಡಿ, ಅವರಿಗೆ ಮನಸ್ಸಿಗೆ ಬಂದ ಹಾಗೆ ಮಾಡಿಸಿ. ಸರ್ ತಮ್ಮ ದೇಹದ ಬಗ್ಗೆ ತೀರ್ಮಾನ ಮಾಡಿದ್ದರು, ಮನೆಯವರ ನಂಬಿಕೆಯ ಬಗ್ಗೆ ಅಲ್ಲ. ಅವರು ಯಾರ ಪೂಜೆಗೂ ಅಡ್ಡ ಬಂದವರಲ್ಲ.

ದೊಡ್ಡಮ್ಮನಿಗೆ ಇದನ್ನೂ ಹೇಳು. ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆ ಈಗಿನ ಪಠ್ಯಕ್ರಮದಲ್ಲಿ ಒಂದು ಪಾಠವೇ ಇದೆ, ಆ ದೇಹ ನಿಮ್ಮ ಮೊದಲ ಗುರು ಎಂದು ಕಲಿಸುವ ಪಾಠ. ಜೀವನವಿಡೀ ಪಾಠ ಮಾಡಿದವರು ಈಗ ಇನ್ನೊಂದು ಕ್ಲಾಸಿನಲ್ಲಿ ಇದ್ದಾರೆ. ನನಗಂತೂ ಇದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ದಾನ ಮಾಡುವುದಾದರೆ, ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರಂ ಸಿಗುತ್ತದೆ, ನಮ್ಮ ಜಿಲ್ಲೆಯಲ್ಲಿ ಕಾರವಾರದಲ್ಲೇ ಸರಕಾರಿ ಮೆಡಿಕಲ್ ಕಾಲೇಜು ಇದೆ. ಸಾಕ್ಷಿ ಸಹಿ ಬೇಕು. ಆದರೆ ಫಾರಂ ತುಂಬಿದರೆ ಮುಗಿಯಲಿಲ್ಲ. ತೀರಿಕೊಂಡ ಮೇಲೆ ಫೋನ್ ಮಾಡಬೇಕಾದವರು, ಒಪ್ಪಿಗೆ ಕೊಡಬೇಕಾದವರು ಮನೆಯವರು. ಅವರಿಗೆ ಮೊದಲೇ ಹೇಳಿ ಮನಸ್ಸು ಒಪ್ಪಿಸಿರಬೇಕು. ಕಣ್ಣನ್ನು ಆರು ಗಂಟೆಯ ಒಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರಕ್ಕೆ ಇಟ್ಟು, ಫ್ಯಾನ್ ಆರಿಸಬೇಕು. ಕನ್ನಡಕ ಹಾಕುತ್ತಿದ್ದವರೂ, ಪೊರೆ ಆಪರೇಷನ್ ಆದವರೂ ಕಣ್ಣು ಕೊಡಬಹುದು. ಅಪಘಾತವಾಗಿ ಪೋಸ್ಟ್‌ಮಾರ್ಟಂ ಆಗಿದ್ದರೆ, ಕೆಲವು ಸೋಂಕು ರೋಗಗಳಿದ್ದರೆ ದೇಹವನ್ನು ತೆಗೆದುಕೊಳ್ಳುವುದಿಲ್ಲ. ಡಾಕ್ಟರ ಮರಣ ಪ್ರಮಾಣಪತ್ರ ಕೈಯಲ್ಲಿರಲಿ.

ಪ್ರಶ್ನೆ: ನಾನು ಸರ್ ಅವರನ್ನು ನೋಡಿಲ್ಲ. ಅವರು ಶುರು ಮಾಡಿದ ಕಡಲಾಮೆ ಕೆಲಸಕ್ಕೆ ಹೋದ ವರ್ಷದಿಂದ ಹೋಗುತ್ತಿದ್ದೇನೆ. ಎಲ್ಲದಕ್ಕೂ ಪುಸ್ತಕದಲ್ಲಿ ಬರೆಯಿರಿ, ಬರೆಯಿರಿ ಅಂತಾರೆ. ಫೋನಿನಲ್ಲಿ ಫೋಟೊ ಹಿಡಿದರೆ ಹೆಸರು, ಜಾಗ, ಟೈಮ್ ಎಲ್ಲ ಬರುತ್ತದಲ್ಲ, ಬರೆಯುವುದು ಯಾಕೆ? (ಹೊನ್ನಾವರ, ಬಿಎಸ್ಸಿ ವಿದ್ಯಾರ್ಥಿ)

ಉತ್ತರ: ಫೋಟೊ ಹಿಡಿ, ಬೇಡ ಅನ್ನುವುದಿಲ್ಲ. ರಾತ್ರಿ ಹೊತ್ತು ಫ್ಲ್ಯಾಶ್ ಮಾತ್ರ ಬೇಡ. ಮೊಟ್ಟೆ ಇಡಲು ಬಂದ ಆಮೆ ಬೆಳಕಿಗೆ ಹೆದರಿ ವಾಪಸ್ ಹೋಗುತ್ತದೆ, ಮರಿಗಳು ಬೆಳಕು ಕಂಡ ಕಡೆ ಹೋಗಿ ರಸ್ತೆಗೆ ಬರುತ್ತವೆ.

ಆದರೆ ನೀನು ಯೋಚಿಸು. ಆಲಿವ್ ರಿಡ್ಲೆ ಜಾತಿಯ ಕಡಲಾಮೆ ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ ಇಡುತ್ತದೆ. ಮರಿ ಬರಲು ಒಂದೂವರೆ ತಿಂಗಳಿಂದ ಎರಡು ತಿಂಗಳು. ಅದು ಗಂಡಾಗುತ್ತದೋ ಹೆಣ್ಣಾಗುತ್ತದೋ ಎನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ, ಬಿಸಿ ಜಾಸ್ತಿಯಾದರೆ ಹೆಣ್ಣು ಜಾಸ್ತಿ. ಒಂದು ಫೋಟೊ ಒಂದು ರಾತ್ರಿಯದು. ಗೂಡು ಸಿಕ್ಕಿದ ದಿನ, ಎಷ್ಟು ಮೊಟ್ಟೆ, ನೀರಿನ ಗೆರೆಯಿಂದ ಎಷ್ಟು ದೂರ, ಎಷ್ಟು ದಿನಕ್ಕೆ ಒಡೆಯಿತು, ಎಷ್ಟು ಮರಿ ನೀರು ಸೇರಿದವು, ಎಷ್ಟು ಮೊಟ್ಟೆ ಹಾಳಾದವು, ಇದನ್ನು ಒಂದೇ ದಂಡೆಯಲ್ಲಿ ವರ್ಷಗಟ್ಟಲೆ ಬರೆದರೆ ಆಗ ದಂಡೆಗೆ ಏನಾಗುತ್ತಿದೆ ಅಂತ ತಿಳಿಯುತ್ತದೆ. ಕಾಸರಕೋಡಿನ ಮೀನುಗಾರ ಹುಡುಗರೂ ಅದಕ್ಕೆ ರಾತ್ರಿ ನಿದ್ದೆ ಬಿಟ್ಟು ಬರುತ್ತಾರೆ. ಒಂದು ವಿಷಯ ಎಚ್ಚರ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಗೂಡು ಮುಟ್ಟುವುದು, ಮೊಟ್ಟೆ ಸ್ಥಳಾಂತರಿಸುವುದು ಎಲ್ಲ ಅರಣ್ಯ ಇಲಾಖೆಯವರ ಜೊತೆಗೇ ಆಗಬೇಕು. ಸರ್ ಎಷ್ಟು ಹಿರಿಯರಾಗಿದ್ದರೂ ಗಾರ್ಡ್ ಬರುವವರೆಗೆ ಕಾಯುತ್ತಿದ್ದರು, ಒಂದು ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ.

ಪ್ರಶ್ನೆ: ಸರ್ ಹೆಸರಿನಲ್ಲಿ ಪ್ರಶಸ್ತಿ ಇಡುವುದೋ, ಸರ್ಕಲ್‌ಗೆ ಹೆಸರಿಡುವುದೋ? ಎರಡು ಗುಂಪಾಗಿದೆ. (ಅಂಕೋಲಾ)

ಉತ್ತರ: ಎರಡೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ಪ್ರತಿ ವರ್ಷ ಒಂದು ಸರಕಾರಿ ಶಾಲೆಯ ಮಕ್ಕಳಿಗೆ ಬಸ್ ಮಾಡಿಸಿ. ಒಂದು ವರ್ಷ ಅಳಿವೆಗೆ, ಒಂದು ವರ್ಷ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಮರಗಳ ಜೌಗು ಕಾಡಿಗೆ, ಅಂದರೆ ಜಡ್ಡಿಗೆ. ನೀರಿನಲ್ಲಿ ನಿಂತ ಆ ಮರಗಳ ಬೇರು ಮೊಣಕಾಲಿನಂತೆ ಬಾಗಿ ಮೇಲೆ ಬಂದಿರುವುದನ್ನು ಮಕ್ಕಳು ಬೋರ್ಡಿನ ಮೇಲೆ ನೋಡಿ ಪ್ರಯೋಜನವಿಲ್ಲ. ನಿಮ್ಮ ತಾಲೂಕಿನಲ್ಲೇ ಹೊನ್ನಳ್ಳಿಯ ತುಳಸಿ ಗೌಡರಿದ್ದರು. ಶಾಲೆಗೆ ಹೋಗದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಯಾವ ಮರದ ಬೀಜ ಯಾವಾಗ ತೆಗೆಯಬೇಕು ಅಂತ ಕಣ್ಣಲ್ಲೇ ಹೇಳುತ್ತಿದ್ದವರು, ಪದ್ಮಶ್ರೀ ಬಂದವರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಊರಿಗೂ ಒಂದು ಬಸ್ ಹೋಗಲಿ. ಅಲ್ಲಿಯ ಹಾಲಕ್ಕಿ ಹೆಂಗಸರ ಹತ್ತಿರ ಮಕ್ಕಳು ಗಿಡದ ಬಗ್ಗೆ ಕೇಳಲಿ.

ಪ್ರಶ್ನೆ: ನಮ್ಮ ಅಮ್ಮ ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ತೆಗೆಯುವವಳು. ಮಾಸ್ತರು ಇಳಿತದ ಹೊತ್ತಿಗೆ ಬಂದು ಅವಳ ಹತ್ತಿರ ಏನೇನೋ ಕೇಳಿ ಬರೆದುಕೊಳ್ಳುತ್ತಿದ್ದರು. ಕಾರ್ಯಕ್ರಮಕ್ಕೆ ದೊಡ್ಡ ದೊಡ್ಡವರು ಬರುತ್ತಾರಂತೆ. ಅಮ್ಮನಿಗೆ ಬರುವ ಆಸೆ ಇದೆ. ನಮ್ಮಂಥವರು ಬರಬಹುದಾ? (ಕುಮಟಾ ತಾಲೂಕಿನಿಂದ)

ಉತ್ತರ: ಬರಬಹುದಾ ಅಂತ ಕೇಳಬೇಡಿ ಅಣ್ಣ. ನಿಮ್ಮ ಅಮ್ಮನನ್ನು ಕರೆಯದೆ ಆ ಕಾರ್ಯಕ್ರಮ ನಡೆಯಬಾರದು. ಕುಮಟಾದ ಗೆಳೆಯರು ಇದನ್ನು ಓದುತ್ತಿದ್ದಾರೆ, ಅವರೇ ಮನೆಗೆ ಬಂದು ಕರೆಯಲಿ.

ಹೊಳೆಯ ಯಾವ ತಗ್ಗಿನಲ್ಲಿ ಮರಳು, ಎಲ್ಲಿ ಬರೀ ಕೆಸರು, ಮಳೆ ಬಂದು ಸಿಹಿನೀರು ಜಾಸ್ತಿಯಾದಾಗ ಬಳಚಿಗೆ ಏನಾಗುತ್ತದೆ, ಮರಿ ಬೀಳುವುದು ಯಾವ ಕಡೆ, ಇದನ್ನೆಲ್ಲ ಸರ್ ಕಲಿತಿದ್ದು ನಿಮ್ಮ ಅಮ್ಮನಂಥವರ ಹತ್ತಿರ. ಕ್ಲಾಸಿನಲ್ಲಿ ಹಾಗೇ ಹೇಳುತ್ತಿದ್ದರು, ಇದು ನನಗೆ ಬಳಚು ತೆಗೆಯುವ ಅಮ್ಮ ಹೇಳಿಕೊಟ್ಟಿದ್ದು ಅಂತ. ನಮಗೆ ಆಗ ಆಶ್ಚರ್ಯ, ಇಷ್ಟು ಓದಿದವರು ಹೀಗೆ ಹೇಳುತ್ತಾರಲ್ಲ ಎಂದು. ಶಿರಸಿಯ ಶಂಕರ ಹೊಂಡ ಮತ್ತು ಮಂಜುಗುಣಿಯ ಕಡೆ ಹುಟ್ಟಿ ಒಂದೂ ಅಣೆಕಟ್ಟು ಇಲ್ಲದೆ ಸಮುದ್ರಕ್ಕೆ ಬರುವ ಹೊಳೆ ಇದು. ಅದರ ಅಳಿವೆಯ 4801 ಹೆಕ್ಟೇರ್ ಜಾಗ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಒಂದು ಅಂತ ಗುರುತಾಯಿತು. ಆ ಸುದ್ದಿ ಬಂದ ದಿನ ಸರ್ ಫೋನ್ ಮಾಡಿದ್ದರು. ಖುಷಿ ಇತ್ತು. ಆದರೆ ಅವರ ಮೊದಲ ಮಾತು, ಇನ್ನು ಮೇಲಾದರೂ ಹೊಳೆಯ ಬಗ್ಗೆ ಮೀಟಿಂಗ್ ಮಾಡುವಾಗ ಬಳಚು ತೆಗೆಯುವವರನ್ನೂ ಕಗ್ಗ ಬೆಳೆಯುವವರನ್ನೂ ಕೂರಿಸಬೇಕು ಎನ್ನುವುದು. ಅಮ್ಮನಿಗೆ ಹೇಳಿ, ವೇದಿಕೆ ಹತ್ತಬೇಕಾಗಿಲ್ಲ, ಕುರ್ಚಿಯಲ್ಲಿ ಕೂತೇ ಮಾತಾಡಬಹುದು, ಮಾಸ್ತರು ಏನು ಕೇಳುತ್ತಿದ್ದರು ಅಂತ ಹೇಳಿದರೆ ಸಾಕು. ಕಾರ್ಯಕ್ರಮದವರೂ ಸಮಯ ಇಡುವಾಗ ಅವತ್ತಿನ ಇಳಿತ ಯಾವಾಗ ಅಂತ ನೋಡಿ ಇಡಿ. ಇಳಿತದ ಹೊತ್ತಿಗೆ ಇಟ್ಟರೆ ಅವರ ದಿನದ ದುಡಿಮೆ ಹೋಗುತ್ತದೆ.

ಪ್ರಶ್ನೆ: ನುಡಿನಮನಕ್ಕೆ ಬಂದವರಿಗೆಲ್ಲ ಒಂದೊಂದು ಕಾಂಡ್ಲ ಗಿಡ ಕೊಟ್ಟರೆ ಹೇಗೆ? (ಕಾರವಾರದಿಂದ)

ಉತ್ತರ: ಆಸೆ ಒಳ್ಳೆಯದು, ಆದರೆ ಬೇಡ. ಕಾಂಡ್ಲ ಮನೆ ಅಂಗಳದಲ್ಲಿ ನೆಡುವ ಗಿಡವಲ್ಲ, ಶಿರಸಿಗೋ ಬೆಂಗಳೂರಿಗೋ ಹೋದರೆ ಪ್ಲಾಸ್ಟಿಕ್ ಚೀಲದಲ್ಲೇ ಒಣಗುತ್ತದೆ. ಅದಕ್ಕಿಂತ ಮಳೆಗಾಲಕ್ಕೆ ಕಾಯಿರಿ. ರೈಜೋಫೋರಾ ಎಂಬ ಕಾಂಡ್ಲದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಷ್ಟು ಉದ್ದಕ್ಕೆ ಇಳಿಬಿದ್ದಿರುತ್ತದೆ. ಬಲಿತು ತಾನಾಗೇ ಬಿದ್ದಿದ್ದನ್ನು ಮಾತ್ರ ಆರಿಸಬೇಕು, ಹಸಿರು ಕಾಯಿಯನ್ನು ಎಳೆದು ಕಿತ್ತರೆ ಅದು ಬದುಕುವುದು ಕಷ್ಟ. ಚೂಪಾದ ತುದಿ ಕೆಳಗೆ ಬರುವಂತೆ ಹಿಡಿದು, ಉದ್ದದ ಮೂರರಲ್ಲಿ ಒಂದು ಭಾಗ ಕೆಸರಿನೊಳಗೆ ಹೋಗುವಷ್ಟು ಮೆಲ್ಲಗೆ ಒತ್ತಬೇಕು. ತಲೆಕೆಳಗಾಗಿ ನೆಡುವ ಹುಡುಗರ ಕೈಯನ್ನು ಸರ್ ಹಿಡಿದು ತಿರುಗಿಸುತ್ತಿದ್ದರು.

ನೆಡುವ ಜಾಗವನ್ನು ನೀವೇ ಆರಿಸಬೇಡಿ. ಖಾಲಿ ಕೆಸರು ಕಂಡಲ್ಲೆಲ್ಲ ಕಾಂಡ್ಲ ನೆಟ್ಟರೆ ಬಳಚಿನ ಜಾಗವೂ ಹೋಗುತ್ತದೆ, ಇಳಿತದಲ್ಲಿ ಅಲ್ಲಿ ಮೇಯುವ ಹಕ್ಕಿಗಳ ಜಾಗವೂ ಹೋಗುತ್ತದೆ. ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಈಗಲೇ ಒಂದು ಅರ್ಜಿ ಕೊಡಿ, ಕೊಚ್ಚಿಹೋಗುತ್ತಿರುವ ದಂಡೆ ಯಾವುದು ಅಂತ ಅಲ್ಲಿ ಕೇಳಿ. ಆಮೇಲೆ ಆ ದಂಡೆಯಲ್ಲಿ ಬಲೆ ಬೀಸುವವರನ್ನೂ ಬಳಚು ತೆಗೆಯುವವರನ್ನೂ ಕೇಳಿ, ಅವರು ಹೂಂ ಅಂದರೆ ದಿನ ಗೊತ್ತು ಮಾಡಿ ನನಗೂ ತಿಳಿಸಿ. ಬರುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.